ಬದಲು

ಅಪ್ಪ ಹೋದ ಮೇಲೆ ಗೋಡೆಯಿಂದ ಇಳಿಸಿದೆ ಅದನ್ನು,
ಹಿತ್ತಾಳೆಯ ದುಂಡು ಮುಖದ ವಾಯುಭಾರಮಾಪಕ.
ಅದರ ಬೆನ್ನ ಹಿಂದಿನ ಬಣ್ಣ ಮಾತ್ರ ಹೊಸದಾಗಿ ಉಳಿದಿತ್ತು,
ಮಿಕ್ಕ ಗೋಡೆಗೆಲ್ಲ ಅರವತ್ತು ವರ್ಷದ ಒಲೆಹೊಗೆ,
ಕಾಡ್ ಮೀನು ಕರಿದ ಜಿಡ್ಡು.

ಒಂದು ಮುಳ್ಳು, ಮುಳ್ಳಿನ ಸುತ್ತ ಐದು ಪದ:
ಬಿರುಗಾಳಿ, ಮಳೆ, ಬದಲು, ಶುಭ್ರ, ಒಣಹವೆ.
ಪದಗಳ ಕೆಳಗೆ ಇಪ್ಪತ್ತೆಂಟರಿಂದ ಮೂವತ್ತೊಂದು,
ಇಷ್ಟು ಅಂಗುಲ ಪಾದರಸ ಎಂದು.
ಒಳಗೆ ಪಾದರಸದ ಹನಿಯೂ ಇಲ್ಲ.
ಗಾಳಿ ಹೀರಿ ತೆಗೆದ ತಗಡಿನ ಡಬ್ಬಿ, ಒಂದು ಸ್ಪ್ರಿಂಗು, ಅಷ್ಟೇ.
ಇಲ್ಲದ್ದರ ಹೆಸರಲ್ಲೇ ಅಳೆಯುತ್ತ ಬಂದಿದ್ದೆವು
ತಲೆಯ ಮೇಲಿನ ಭಾರವನ್ನು.

ನನಗಾಗ ಹದಿನಾರು. ಒಂದು ಬೆಳಗ್ಗೆ ರೇಡಿಯೋ
ಅಂಗುಲ ಬಿಟ್ಟು ಕಿಲೋಪ್ಯಾಸ್ಕಲ್ ಅಂದಿತು.
ಗಲ್ ಟಿಕಲ್ ಜೆಟ್ಟಿಯ ಮೇಲೆ ಗಂಡಸರು ಮುಖ ಮುಖ ನೋಡಿಕೊಂಡರು.
ಒಟ್ಟಾವಾದವರಿಗೆ ಮಾಡಲು ಕೆಲಸವಿಲ್ಲ, ಎಂದ ಉರಾಯ ಟಿಬ್ಬೋ.
ಯಾರಿವನು ಪ್ಯಾಸ್ಕಲ್, ಯಾವ ಬಂದರಿನವ,
ಎಂದಾದರೂ ದೋಣಿ ಹತ್ತಿದ್ದನೋ?
ಅಪ್ಪ ಏನೂ ಅನ್ನಲಿಲ್ಲ. ಸಂಜೆ
ಅಡುಗೆಮನೆಯ ಮೇಜಿನ ಉಪ್ಪು ಒರೆಸಿ
ಮೀನಿನ ಲೆಕ್ಕದ ಪೆನ್ಸಿಲ್ ನನ್ನ ಕಡೆ ತಳ್ಳಿದ.
"ಹೇಳಿಕೊಡು ಸೆಲೀನಾ. ಆಕಾಶ ಅದೇನಾ?"
ಅದೇ ಅಪ್ಪ.
"ತಕ್ಕಡಿ ಬೇರೆ."
ತಕ್ಕಡಿ ಬೇರೆ. ಅಂಗುಲವನ್ನು
ಮೂರು ಪಾಯಿಂಟ್ ಮೂರು ಎಂಟು ಆರರಿಂದ ಗುಣಿಸು.

ಆರನೇ ತರಗತಿಗೇ ಮಗ್ಗಿ ಬಿಟ್ಟು ಮೀನಿಗೆ ಹೋದ ಕೈ.
ಕೊಕ್ಕೆ ಕಡಿದ ಹೆಬ್ಬೆರಳನ್ನು ಅಂಕಿಯ ಕೆಳಗಿಟ್ಟು,
ಆ ಅಗಲವೇ ಅವನಿಗೆ ಅಂಗುಲ,
ಆರೊಂಬತ್ಲಿ ಐವತ್ನಾಲ್ಕು, ನಾಲ್ಕು ಬರೆದು ಐದು ಕೈಯಲ್ಲಿ.
ಮೂವತ್ತಕ್ಕೆ ನೂರೊಂದು ಪಾಯಿಂಟ್ ಆರು.
ಇಪ್ಪತ್ತೊಂಬತ್ತಕ್ಕೆ ತೊಂಬತ್ತೆಂಟು ಪಾಯಿಂಟ್ ಎರಡು.
ಇಪ್ಪತ್ತೊಂಬತ್ತೂವರೆ, ಅಂದರೆ 'ಬದಲು' ಇರುವ ಜಾಗ,
ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು.
ನೂರಕ್ಕೆ ಕೂದಲೆಳೆ ಕಡಿಮೆ, ಎಂದು ನಕ್ಕ.
"ಮಿಕ್ಕ ಚಿಲ್ಲರೆ ಯಾರ ಜೇಬಿಗೆ?"
ಬಿಟ್ಟುಬಿಡಬೇಕು ಅಪ್ಪ.
"ಬಿಡುವಷ್ಟು ಗಾಳಿ ನಾನು ಕಂಡಿಲ್ಲ."

ಆಮೇಲೆ ದಿನಾ ಬೆರಳ ಗೆಣ್ಣಿನಿಂದ ಗಾಜಿಗೆ ಎರಡು ಸಲ ತಟ್ಟಿ
ಮುಳ್ಳಿಗೆ ಕೇಳುವಂತೆ ಅಂಗುಲದಲ್ಲಿ,
ನನಗೆ ಕೇಳುವಂತೆ ಕಿಲೋಪ್ಯಾಸ್ಕಲ್‌ನಲ್ಲಿ ಹೇಳುತ್ತಿದ್ದ.

ನಿನ್ನೆ ಹಿಂಬದಿಯ ಮುಚ್ಚಳ ತೆಗೆದರೆ
ಅದೇ ಪಟ್ಟಿ, ಮಡಚಿ ಅಂಟಿಸಿದ್ದು.
ಎಡಕ್ಕೆ ಹಳೆಯದು, ಬಲಕ್ಕೆ ಹೊಸದು, ಸಾಲು ಸಾಲು.
ಕೊನೆಯದಕ್ಕೆ ಎಡ ಮಾತ್ರ:
ಇಪ್ಪತ್ತೆಂಟು ಪಾಯಿಂಟ್ ಮೂರು ಒಂದು.
ಬಲಕ್ಕೆ ಖಾಲಿ.

ಅಮ್ಮನಿಗೆ ಎಂಬತ್ತೆಂಟು. ಕನ್ನಡಕ ಹುಡುಕಲೂ ಇಲ್ಲ,
ಅಂಕಿ ಕೇಳಿದ್ದೇ ಅಂದಳು:
"ಫೆಬ್ರವರಿ. ಸೂಲಗಿತ್ತಿ ಡಾರ್ಕಸ್ ಕೊಲ್ಲಿಯ ಆಚೆ ದಡದಲ್ಲಿ.
ಇವನು ಗಾಜು ತಟ್ಟುತ್ತಲೇ ಇದ್ದ, ಮುಳ್ಳು ಇಳಿಯುತ್ತಲೇ ಇತ್ತು.
ಇನ್ನು ಇಳಿಯಲಾರೆ ಅಂತ ಅದು ನಿಂತಿತಲ್ಲ,
ಆಗ ನೀನು ಇಳಿದೆ."
ಚಹಾ ಒಂದು ಗುಟುಕು.
"ಹೊಕ್ಕುಳಬಳ್ಳಿ ಕೊಯ್ದವನೂ ಅವನೇ, ಮೀನಿನ ಚಾಕುವಿನಲ್ಲಿ.
ಕುದಿಸಿದ್ದ ಅನ್ನು."

ಬಂದರಿನ ಕಚೇರಿಯಿಂದ ಬೆಳಗ್ಗೆ ಆರಕ್ಕೆ
ಸೇಂಟ್ ಜಾನ್ಸ್‌ಗೆ ಅಂಕಿ ಓದುವವಳು ನಾನು.
ಕಿಲೋಪ್ಯಾಸ್ಕಲ್ ನನಗೆ ನೀರು ಕುಡಿದಷ್ಟು ಸಲೀಸು.
ಗುಣಿಸಲು ಎಷ್ಟು ಹೊತ್ತು?
ತೊಂಬತ್ತೈದು ಪಾಯಿಂಟ್ ಎಂಟು ಐದು ಏಳು ಆರು ಆರು,
ಒಂದು ಕಾಸೂ ಬಿಡದೆ.
ಬರೆದುಕೊಂಡೆ, ಅಂಗೈ ಮೇಲೆ.
ಪಟ್ಟಿಯ ಬಲಗಡೆ ಹಾಗೇ ಇದೆ.

ಮತ್ತೆ ತೂಗುಹಾಕಲು ಹೋದರೆ ಮೊಳೆ ಸಡಿಲ.
ಅಂಗಡಿಯ ಹುಡುಗ, ಟಿಬ್ಬೋನ ಮೊಮ್ಮಗ,
ಮೆಟ್ರಿಕ್ ಬಿಟ್ಟು ಬೇರೆ ಕಲಿತವನೇ ಅಲ್ಲ,
ತಲೆ ಎತ್ತದೆ ಕೇಳಿದ:
ಎಷ್ಟು ಅಂಗುಲದ್ದು ಕೊಡಲಿ?