ದಾಟಿದರೆ ಬೇರೆ ಹೆಸರು

ರಿವದಾವಿಯಾ ರಸ್ತೆಯಲ್ಲಿ ನಮ್ಮ ಮನೆ ನಂಬರು
ಆರು ಸಾವಿರದ ಒಂಬೈನೂರ ಚಿಲ್ಲರೆ.
ಅಷ್ಟು ಮನೆಗಳಿವೆ ಅಂತಲ್ಲ. ಅಧ್ಯಕ್ಷರ ಗುಲಾಬಿ ಸೌಧದ ಹತ್ತಿರ
ಎಣಿಕೆ ಶುರು, ಬೀದಿಗೆ ನೂರರಂತೆ.
ಬಾಗಿಲ ಮೇಲಿನ ಹಿತ್ತಾಳೆ ಅಂಕಿ ಓದಿದರೆ ಸಾಕು,
ಊರ ನಡುವಿನಿಂದ ಎಷ್ಟು ಮೀಟರು ಆಚೆ ನಾವು
ಅಂತ ಅಂಚೆಯವನಿಗೂ ಗೊತ್ತು.

ಕೆಳಗೆ ಔಷಧದಂಗಡಿ. ಅದರ ಹಸಿರು ಶಿಲುಬೆ
ರಾತ್ರಿಯಿಡೀ ಮಿನುಗಿ ನನ್ನ ಹೊಲಿಗೆ ಯಂತ್ರಕ್ಕೆ ಬಣ್ಣ ಬಳಿಯುತ್ತದೆ.
ಬಿಳಿ ದಾರ ಯಾವುದು, ಹಳದಿ ಯಾವುದು,
ಬೆಳಗಾಗಲಿ ಅನ್ನುತ್ತೇನೆ.
ನೆಲದಡಿ ರೈಲು ಹೋದಾಗ
ಲೋಟದ ನೀರಿಗೆ ಮೊದಲು ತಿಳಿಯುತ್ತದೆ,
ಆಮೇಲೆ ಸೂಜಿಗೆ, ಕೊನೆಗೆ ನನಗೆ.

ಅರವತ್ತು ಪ್ಯಾಂಟಿನ ಗಂಟು ಹೊತ್ತು
ಎರಡನೇ ನಂಬರಿನ ಬಸ್ಸು ಹತ್ತುವುದೊಂದು ವಿದ್ಯೆ.
ಬೆನ್ನು ಮೊದಲು, ಆಮೇಲೆ ಗಂಟು, ಕೊನೆಗೆ ಮುಖ.
ಸಂಜೆ ಆರಕ್ಕೆ ಎಳ್ಳು ಹಾಕಿದರೂ ಕೆಳಗೆ ಬೀಳದು.
"ಮೂಟೆಗೂ ಟಿಕೇಟು ಕೊಡಲೇನು?" ಡ್ರೈವರ ಕುಚೋದ್ಯ.
"ಕೊಡು, ಜೊತೆಗೊಂದು ಸೀಟೂ ಕೊಡು."
ಒರುರೋದ ನಾಲಿಗೆ ನನ್ನದು, ಗಣಿಯ ಊರಿನದು.

ಈ ರಸ್ತೆಗೊಂದು ಚಾಳಿ.
ಅಡ್ಡ ಬರುವ ಬೀದಿ ಯಾವುದೇ ಇರಲಿ
ಇದನ್ನು ದಾಟಿದ ಕೂಡಲೇ ಹೆಸರು ಬದಲಾಗಬೇಕು.
ಬಡಗಣ ದಂಡೆಯಲ್ಲಿ ನಾಸ್ಕಾ, ತೆಂಕಣದಲ್ಲಿ ಸಾನ್ ಪೆದ್ರಿತೊ.
ಅದೇ ಡಾಂಬರು, ಅದೇ ಗುಂಡಿ.
"ಬೀದಿಗಳನ್ನೂ ಕೊಟ್ಟು ಕಳಿಸುತ್ತಾರಮ್ಮ, ಹೆಣ್ಣುಮಕ್ಕಳ ಹಾಗೆ"
ಅನ್ನುತ್ತಾನೆ ಮೂಲೆಯ ಪೇಪರ್ ಗೂಡಿನ ಮುದುಕ ಫಿದೆನ್ಸಿಯೊ.

ನನ್ನ ಮಗಳು ಈ ದಂಡೆಯಲ್ಲಿ ವಾರಾ.
ನಮ್ಮ ಐಮಾರಾ ಮಾತಿನಲ್ಲಿ ನಕ್ಷತ್ರ. ನನ್ನವ್ವ ಇಟ್ಟದ್ದು,
ಫೋನಿನಲ್ಲಿ, ಕಾರ್ಡಿನ ದುಡ್ಡು ಮುಗಿಯುವ ಮೊದಲು.
ಆ ದಂಡೆಯ ಶಾಲೆಯಲ್ಲಿ ಅವಳು ಬಾರ್ಬರಾ.
ಟೀಚರಿಗೆ ಹಾಗೆ ಕೇಳಿಸಿತು, ಹಾಜರಿಯಲ್ಲಿ ಹಾಗೇ ಬಿತ್ತು.
ತಿದ್ದಿಸಿ ಬರುತ್ತೇನೆಂದು ಎರಡು ಸಲ ಹೊರಟೆ.
ಒಮ್ಮೆ ಆಫೀಸು ಮುಚ್ಚಿತ್ತು. ಇನ್ನೊಮ್ಮೆ ತೆರೆದಿತ್ತು,
ನನ್ನ ಬಾಯಿ ಮುಚ್ಚಿತ್ತು.

ಸಿಗ್ನಲ್ಲಿನ ಬಿಳಿ ಮನುಷ್ಯ ನಮಗೆ ಕೊಡುವುದು ಹದಿನೆಂಟು ಎಣಿಕೆ.
"ಅಮ್ಮಾ, ನಾನು ಬದಲಾಗೋದು ಯಾವ ಪಟ್ಟೆಯ ಮೇಲೆ?"
"ಬೇಗ ಹೆಜ್ಜೆ ಹಾಕು, ಬಸ್ಸು ಬಂತು."

ಜನವರಿಯ ಸೆಕೆ. ನಾಲ್ಕು ದಿನ ಕರೆಂಟಿಲ್ಲ.
ಐದನೆಯ ಸಂಜೆ ಮೂರನೇ ಮಹಡಿಯ ಎರ್ಮೆಲಿಂದಾ
ಹಳೇ ಟೈರು ಉರುಳಿಸಿಕೊಂಡು ಬಂದು
ಒಲೆ ಹಚ್ಚುವಷ್ಟು ಸಲೀಸಾಗಿ ರಸ್ತೆ ನಡುವೆ ಬೆಂಕಿಯಿಟ್ಟಳು.
ಪಾತ್ರೆ ಬಡಿಯುತ್ತ ನಾವೆಲ್ಲ ಇಳಿದೆವು.
ಬಸ್ಸುಗಳು ಮೂತಿಗೆ ಬಾಲ ತಾಗಿಸಿ ನಿಂತವು.
ಬಟ್ಟೆಯಂಗಡಿಯ ಕೊರಿಯಾದ ಅಜ್ಜಿ ಮಡಚುವ ಕುರ್ಚಿ ತಂದಳು.
ಹೇಗೂ ಕರಗಿ ಹೋಗುತ್ತೆ ಅಂತ ಐಸ್‌ಕ್ರೀಮಿನವನು
ಡಬ್ಬಿ ಡಬ್ಬಿ ಹಂಚಿದ.
ವಾರಾ ನಟ್ಟನಡುವೆ, ಹಳದಿ ಗೆರೆಯ ಮೇಲೆ,
ಚಕ್ಕಳಮಕ್ಕಳ ಹಾಕಿ ಮೊಣಕೈವರೆಗೆ ಸುರಿಸಿಕೊಂಡು ಕೂತಳು.
ಆಚೆಯಿಂದ ಗೆಳತಿ: ಬಾರ್ಬರಾ!
ಈಚೆಯಿಂದ ನಾನು: ವಾರಾ, ಹೊಗೆ ಕಣೇ, ಸರಿದು ಕೂರು!
ಎರಡು ಕಡೆಗೂ ಹ್ಞೂಂ ಅಂದಳು,
ಎಲ್ಲಿಗೂ ಏಳಲಿಲ್ಲ.

ಎರಡನೇ ನಂಬರಿನ ಡ್ರೈವರು ಇಳಿದು ಬಂದು
ಫುಟ್‌ಪಾತಿನಂಚಿಗೆ ನನ್ನ ಪಕ್ಕ ಕೂತ.
"ಮೂಟೆ ಎಲ್ಲಿ?"
"ಕರೆಂಟಿಲ್ಲದೆ ಪ್ಯಾಂಟಿಗೆ ಕಾಲು ಎಲ್ಲಿಂದ ಬರಬೇಕು?"
ಮೂರು ವರ್ಷದ ಮೇಲೆ ಹೆಸರು ಹೇಳಿದ, ಗುಮೆರ್ಸಿಂದೊ.
ನಾನೂ ನನ್ನದು ಹೇಳಿದೆ.
ತಪ್ಪಾಗಿ ಉಚ್ಚರಿಸಿ, ಇನ್ನೊಮ್ಮೆ ಹೇಳು ಅಂದ.

ಹತ್ತೂವರೆಗೆ ದೀಪ ಬಂತು. ಬಾಲ್ಕನಿಗಳೆಲ್ಲ ಹೋ ಎಂದವು.
ಮೊದಲು ಔಷಧದಂಗಡಿಯ ಶಿಲುಬೆ, ಆಮೇಲೆ ಬಿಳಿ ಮನುಷ್ಯ.
ಯಾರೂ ದಾಟದಿದ್ದರೂ ಹದಿನೆಂಟು ಎಣಿಸಿದ.
ಟೈರಿನೊಳಗಿನ ತಂತಿಯಷ್ಟೇ ಉಳಿದು, ಇನ್ನೂ ಬಿಸಿ,
ಅದರ ಮೇಲೆಯೇ ಬಸ್ಸು ಹೋಯಿತು.

ಮಗಳನ್ನು ಹೊತ್ತು ಮೆಟ್ಟಿಲು ಹತ್ತಿದೆ.
ಅರವತ್ತು ಪ್ಯಾಂಟಿಗಿಂತ ಹಗುರ, ಅಂಟು ಮಾತ್ರ ಜಾಸ್ತಿ.
ನಿದ್ದೆಗಣ್ಣಲ್ಲೇ ಕೇಳಿದಳು:
"ನಾಳೆಯೂ ಕರೆಂಟು ಹೋಗುತ್ತಾ?"
ಬೆಳಗಿನೊಳಗೆ ಅರವತ್ತು ಜಿಪ್ಪು ಕೂರಬೇಕು.
ಹಸಿರು ಬೆಳಕಿಗೆ ಸೂಜಿ ಹಿಡಿದು ದಾರ ಪೋಣಿಸಿದೆ,
ಯಾವ ಬಣ್ಣವೋ ನೋಡಲಿಲ್ಲ.