ನಲವತ್ತು ಕಟಕ್

ರೂವಿಯ ಈ ಮೂರನೇ ಮಹಡಿಯಲ್ಲಿ
ಒಂಬತ್ತು ಜನಕ್ಕೆ ಎರಡು ಉರಿ.
ಜಗಳ ಉಪ್ಪಿಗಲ್ಲ, ಹುಳಿಗಲ್ಲ; ನಿಮಿಷಕ್ಕೆ.
ಹಮ್ಮಬ್ಬನ ಕುಚ್ಚಲಕ್ಕಿ ಅರಳುವುದರೊಳಗೆ
ಬೊನಿಫಾಸನ ಡ್ಯೂಟಿ ಬಸ್ಸು ಹೋಗಿರುತ್ತದೆ.

ಲಿಫ್ಟು ರಿಪೇರಿಯವನು ನಾನು. ಮಾಡಿಕೊಡುತ್ತೇನೆ, ಅಂದೆ.
ಮೊದಲನೆಯದಕ್ಕೆ ಐದು ಗುಂಡಿ:
ಏರಿಸು, ಇಳಿಸು, ನಿಲ್ಲಿಸು, ಅಳಿಸು,
ಐದನೆಯದು ಯಾಕಿತ್ತೋ ನನಗೇ ಮರೆತಿದೆ.
ಮೀನು ಹೆಚ್ಚಿದ ಕೈಯನ್ನು ಲುಂಗಿಗೆ ಒರೆಸುತ್ತ ಹಮ್ಮಬ್ಬ
ಅದನ್ನು ನೋಡಿದ, ನನ್ನನ್ನು ನೋಡಿದ.
"ಇದು ಅಡಿಗೆಗೋ, ವಿಮಾನ ಹಾರಿಸ್ಲಿಕ್ಕೋ?"

ಐದನ್ನೂ ಕಿತ್ತೆ.
ಗುಜರಿಗೆ ಬಿದ್ದ ವಾಷಿಂಗ್ ಮಷೀನಿನಿಂದ ಒಂದು ನಾಬು ತಂದೆ.
ತಿರುಗಿಸಿದರೆ ನಿಮಿಷ, ಒತ್ತಿದರೆ ಶುರು,
ಮತ್ತೆ ಒತ್ತಿದರೆ ಬಾಯ್ಮುಚ್ಚು.
ಇಷ್ಟೇ ಎನ್ನುವಲ್ಲಿಗೆ ಬರಲು
ನಾಲ್ಕು ಶುಕ್ರವಾರ ಬೇಕಾಯಿತು.

ಕಟಕ್ ಎಂದರೆ ಒಂದು, ಎಂದು ನಾನು ಬರೆದದ್ದು;
ಅದು ಮೂರೆಂದು ಎಣಿಸಿತು.
ಲೋಹಕ್ಕೆ ಲೋಹ ತಾಗಿದಾಗ ಒಂದು ನಡುಕವಿರುತ್ತದೆ,
ಕೂಡಲೇ ನಂಬಬಾರದು,
ಐದು ಮಿಲಿಸೆಕೆಂಡು ಸುಮ್ಮನಿದ್ದು ಮತ್ತೆ ಕೇಳಬೇಕು.
ಅಕ್ಕಿಕಾಳಿನಷ್ಟು ಕೆಪ್ಯಾಸಿಟರ್ ಇಟ್ಟೆ.
ಒಂದು ಒಂದಾಯಿತು.

ಪರದೆಯಾಚೆ ರಾತ್ರಿಪಾಳಿಯವರ ಹಗಲ ನಿದ್ದೆ:
ಬಜರಿನ ಬಾಯಿಗೆ ಎರಡು ಸುತ್ತು ಟೇಪು.
ಈಗದು ಕೂಗುವುದಿಲ್ಲ,
ನೆಗಡಿಯಾದ ಹಲ್ಲಿಯ ಹಾಗೆ ಲೊಚಗುಟ್ಟುತ್ತದೆ.

ಹಮ್ಮಬ್ಬನಿಗೆ ಕನ್ನಡಕ ಬೇಡ, ಅಂಕಿ ಬೇಡ.
ಗೋಡೆ ನೋಡುತ್ತ, ತಸ್ಬಿಯ ಮಣಿ ಸರಿಸುವ ಬೆರಳಲ್ಲೇ
ನಲವತ್ತು ಕಟಕ್.
ಬೊನಿಫಾಸ್ ಒಮ್ಮೆ ತಮಾಷೆಗೆ
"ವೀಸಾ ಮುಗಿಯುವವರೆಗೆ ತಿರುಗಿಸ್ತೇನೆ" ಎಂದು ಹಿಡಿದ.
ನಾಬು ತಿರುಗುತ್ತಲೇ ಇತ್ತು,
ಅಂಕಿ ತೊಂಬತ್ತೊಂಬತ್ತಕ್ಕೆ ನಿಂತಿತು.
ಎರಡೇ ಅಂಕಿಯ ಜಾಗ ಮಾರಾಯ, ಅಂದೆ.

ಮಲಗಿದಲ್ಲಿಂದಲೇ ಈಗ ನನಗೆ ತಿಳಿಯುತ್ತದೆ:
ಏಳಾದರೆ ಬೊನಿಫಾಸನ ಮೊಟ್ಟೆ,
ಹದಿನೆಂಟು, ಹೊಸ ಹುಡುಗ ದೂಮಣ್ಣನ ಬೇಳೆ,
ಅದೂ ಬೇಯದ್ದು.

ನಿನ್ನೆ ರಾತ್ರಿ ಎರಡು ದಾಟಿರಬೇಕು.
ಕಟಕ್. ಕಟಕ್. ಕಟಕ್.
ಒತ್ತಿದ ಸದ್ದು.
ಲೈಟರಿನ ಚಟ್ ಇಲ್ಲ, ಗ್ಯಾಸಿನ ಉಸಿರಿಲ್ಲ,
ಪಾತ್ರೆಯಿಲ್ಲ, ವಾಸನೆಯಿಲ್ಲ.
ಏಸಿ ಮಾತ್ರ ತನ್ನಷ್ಟಕ್ಕೆ ತೊಟ್ಟಿಕ್ಕುತ್ತಿತ್ತು.
ಮೂರು ನಿಮಿಷಕ್ಕೆ ಬೇಯುವಂಥದ್ದು ಏನಿದೆಯೆಂದು
ಯೋಚಿಸುತ್ತ ಬಿದ್ದುಕೊಂಡಿದ್ದೆ.

ಟೇಪಿನಡಿಯ ಹಲ್ಲಿ ಲೊಚಗುಟ್ಟಿತು.
ಯಾರೋ ಒತ್ತಿದರು.
ನಲ್ಲಿ ಬಿಟ್ಟು ಮುಖ ತೊಳೆದರು.
ಮಂಚದ ಏಣಿಯಲ್ಲಿ ಎಷ್ಟು ಮೆಟ್ಟಿಲು ಸದ್ದಾಯಿತೋ,
ಬೇಕೆಂದೇ ಎಣಿಸಲಿಲ್ಲ.