ನಡಾವಳಿ ಪುಸ್ತಕ

ಕಾರ್ಯದರ್ಶಿ ಯಾರಾಗುತ್ತೀರಿ ಎಂದಾಗ
ಎಲ್ಲರೂ ಕಿಟಕಿಯಾಚೆ ಟೈನ್ ನದಿಯನ್ನೇ ನೋಡಿದರು,
ಅಲ್ಲೇನೋ ಹೊಸದು ಹರಿಯುತ್ತಿದೆ ಎಂಬಂತೆ.
ನಾನು ಕಿವಿ ತುರಿಸಲು ಕೈಯೆತ್ತಿದೆ.
ಹಾಗೆ ಬಂತು ಮನೆಗೆ ಈ ಬಿಸ್ಕತ್ತಿನ ಡಬ್ಬ:
ಯಾವ ಬೀಗಕ್ಕೂ ಹೊಂದದ ಹನ್ನೊಂದು ಕೀಲಿಕೈ,
ಹೊಂದುವುದು ಒಂದು,
ಮತ್ತು ನೀರು ಕುಡಿದು ಉಬ್ಬಿದ ಆರು ಪುಸ್ತಕ.

"ಜೋಪಾನ," ಎಂದ ಆಲನ್ ಥರ್ಲ್‌ವೆಲ್,
ಮೂವತ್ತೊಂದು ವರ್ಷ ಬರೆದು ಹೆಬ್ಬೆರಳು ಡೊಂಕಾದವನು.
"ಎರಡನೆಯದರಲ್ಲಿ ನಮ್ಮಜ್ಜ ಇದ್ದಾನೆ. ಚಂದಾ ಕಟ್ಟಿಲ್ಲ."

ಮೊದಲ ಪುಟ, ೧೮೮೭.
ಕಮ್ಮಾರರಿಬ್ಬರು, ಕಲ್ಲಿದ್ದಲ ದೋಣಿಯವರು ನಾಲ್ವರು,
ಬಾಯ್ಲರು ಬೆಸೆಯುವವನೊಬ್ಬ,
ದರ್ಜಿ ಎಂದು ಹೇಳಿಕೊಂಡ ಒಬ್ಬ ಕುಡುಕ.
ನದಿಯ ಮೇಲ್ಬದಿಯ ದೊಡ್ಡವರ ಕ್ಲಬ್ಬು
ಅವರನ್ನು ಬಾಗಿಲಲ್ಲೇ ನಿಲ್ಲಿಸಿ ನಿಯಮ ಓದಿತ್ತಂತೆ:
ಕೂಲಿಗೆ ದುಡಿದ ತೋಳು ಆಟಕ್ಕಿಲ್ಲ.
ದಿನವಿಡೀ ಸುತ್ತಿಗೆ ಎತ್ತಿ ಬಲಿತ ರಟ್ಟೆ
ಪಂದ್ಯದಲ್ಲಿ ಮೋಸವಂತೆ.
ಈ ದನಿ ಎಲ್ಲೋ ಕೇಳಿದ್ದು ಅನಿಸಿತು ನನಗೆ.
ನಮ್ಮಲ್ಲಿ ಕೇಳುತ್ತಿದ್ದ ಹುಟ್ಟು ಬೇರೆ,
ಇಲ್ಲಿ ಕೈಯಿಂದ ಕಿತ್ತ ಹುಟ್ಟು ಬೇರೆ,
ನನ್ನ ಭಾಷೆಗೆ ಎರಡಕ್ಕೂ ಒಂದೇ ಪದ.
ಆಗ ನಾನು ಹೊಸ್ತಿಲ ಒಳಗಡೆ ನಿಂತಿದ್ದೆ.

ಅವರು ಜಗಳಾಡಲಿಲ್ಲ. ಮರ ತಂದರು.
ಮುರಿದ ದೋಣಿಗಳ ಹಲಗೆಯಲ್ಲಿ ಶೆಡ್ಡು ಕಟ್ಟಿದರು,
ತಗಡು ಸಾಲದೆ ಮೂರನೇ ಅಟ್ಟಣಿಗೆಯ ಮೇಲೆ
ಒಂದು ಮೊಳ ಆಕಾಶ ಬಿಟ್ಟರು.
"ಸೋರುವ ಮಾಡು: ಚರ್ಚಿಸಲಾಯಿತು. ಮುಂದೂಡಲಾಯಿತು."

೧೯೧೫ರಿಂದ ಮಸಿ ತೆಳುವಾಗುತ್ತದೆ.
ಎಂಟು ಜನರ ಪಟ್ಟಿ ನಾಲ್ವರದಾಗಿ, ಇಬ್ಬರದಾಗಿ,
ಆಮೇಲೊಂದು ವರ್ಷ ಬರೀ ಲೆಕ್ಕ:
ಯಾರೂ ಹತ್ತದ ದೋಣಿಗೆ ವಾರ್ನಿಷು, ಎರಡು ಶಿಲ್ಲಿಂಗ್.
ಆ ಎರಡು ಶಿಲ್ಲಿಂಗಿನ ಎದುರು ಬಹಳ ಹೊತ್ತು ಕುಳಿತೆ.

ಹೆಂಗಸರು ಬರುವುದು ನಾಲ್ಕನೇ ಪುಸ್ತಕದಲ್ಲಿ.
ಅದಕ್ಕೂ ಮೊದಲು ಇದ್ದರು, "ಚಹಾ" ಎಂಬ ಹೆಸರಲ್ಲಿ.
ಚಹಾಕ್ಕೆ ವಂದನೆಗಳು. ಚಹಾ ಈ ಸಲ ತಡವಾಯಿತು.
೧೯೭೨ರ ಮಾರ್ಚಿಯಲ್ಲಿ ಚಹಾ
ಕೆಟಲನ್ನು ಕೆಳಗಿಟ್ಟು ಹುಟ್ಟು ಹೊತ್ತು ಹೊರಟಿತು:
ವಿನಿ ಸ್ಟಾಬರ್ಟ್, ಮ್ಯೂರಿಯಲ್ ಹೆಪ್ಪಲ್,
ಅಂಚೆಕಚೇರಿಯ ಅಕ್ಕತಂಗಿಯರು.
ಗಂಡಸರು ತಾವೇ ನೀರು ಕಾಯಿಸಿದ ಆ ಸಂಜೆಗೆ
ಒಂದೇ ಸಾಲು: "ಸಕ್ಕರೆ ಸಿಗಲಿಲ್ಲ."

ವಿನಿಗೆ ಈಗ ಎಂಬತ್ತನಾಲ್ಕು.
ದಂಡೆಯಲ್ಲಿ ಮಡಚುವ ಕುರ್ಚಿ ಹಾಕಿ, ಕೋಲು ಬೀಸುತ್ತ
ನನಗೆ ಕಲಿಸಿದವಳು ಅವಳೇ.
ನಾನು ನೀರನ್ನು ರೊಟ್ಟಿಯಂತೆ ಬಡಿಯುತ್ತಿದ್ದೆ.
"ಬಡೀಬೇಡ ಪುಟ್ಟೀ, ಅದ್ದಿ ಎಳೆ,
ನೀನು ಬಂದದ್ದು ನೀರಿಗೇ ಗೊತ್ತಾಗಬಾರದು."
ಮೊದಲ ದಿನ ಬಿದ್ದೆ. ಎರಡನೆಯ ದಿನವೂ.
ಮೂರನೆಯ ವಾರ ಎಂಟೂ ಬೆನ್ನು ಒಟ್ಟಿಗೆ ಬಾಗಿ
ಎಂಟೂ ಹುಟ್ಟು ಒಂದೇ ಸದ್ದು ಮಾಡಿದಾಗ
ನ್ಯೂಬರ್ನ್ ಸೇತುವೆ ಸುಮ್ಮನೆ ನಮ್ಮಿಂದ ಹಿಂದೆ ಸರಿಯಿತು.
ಹೋಗುವ ಕಡೆಗೆ ಬೆನ್ನು ಹಾಕಿ ಕೂರುವ ಆಟ ಇದು.
ತುದಿಯಲ್ಲಿ ಚುಕ್ಕಾಣಿ ಹಿಡಿದ ಪೋರ, ಕೈಲ್ ಡಾಡ್ಸ್,
"ಎಡಕ್ಕೆ" ಎಂದರೆ ಎಡಕ್ಕೆ.
ಅವನಿಗೆ ಗಣಿತದಲ್ಲಿ ನಾಲ್ಕು ಅಂಕ. ನಂಬಿದೆವು.

ನಿನ್ನೆ ಸಭೆ. ಹತ್ತೊಂಬತ್ತು ಜನ, ಒಂದು ನಾಯಿ.
ಹೊಸ ದೋಣಿಗೆ ಯಾರ ಹೆಸರೆಂದು ಒಂದೂವರೆ ಗಂಟೆ.
ವಿನಿಯದೇ ಇಡೋಣ ಎಂದರೆ ವಿನಿ ಕೋಲು ಕುಟ್ಟಿದಳು:
"ಬದುಕಿದವರನ್ನು ನೀರಿಗೆ ತಳ್ಳಬೇಡಿ. ತಾಳಿ ಸ್ವಲ್ಪ."
ಅಷ್ಟರಲ್ಲಿ ಮಳೆ. ಯಾರೂ ತಲೆ ಎತ್ತಲಿಲ್ಲ.
ಮೂರನೇ ಅಟ್ಟಣಿಗೆಯ ಕೆಳಗಿನ ಬಕೆಟ್ಟು
ಟಕ್, ಟಕ್, ತನ್ನ ಹಾಜರಿ ಹಾಕಿತು.

ರಾತ್ರಿ ಬರೆಯಲು ಕುಳಿತೆ,
ಮೊದಲು ಪೆನ್ಸಿಲಿನಲ್ಲಿ ಕನ್ನಡ, ಆಮೇಲೆ ಮಸಿಯಲ್ಲಿ ಅವರದು.
ಬಂದವರು. ಬಾರದವರು. ಸಕ್ಕರೆ ಇತ್ತು.
ದೋಣಿಯ ಹೆಸರು: ವಿನಿ ತಾಳಿ ಎಂದಿದ್ದಾಳೆ.
ಸೋರುವ ಮಾಡು, ಎಂದು ಬರೆದಲ್ಲಿ ಕೈ ನಿಂತಿತು.
ದುಡ್ಡಿದೆ ಈಗ. ಒಂದು ಮಧ್ಯಾಹ್ನದ ಕೆಲಸ.
ಆರು ಪುಸ್ತಕದ ಕೈಬರಹವೆಲ್ಲ
ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿತ್ತು.
ಬರೆದೆ: ಚರ್ಚಿಸಲಾಯಿತು.
ಬಕೆಟ್ಟು ಬದಲಿಸಲಾಯಿತು.